ಅಪ್ಪನ ನೋಟ್‌ಬುಕ್ಕಿನಲ್ಲಿ ‘ಎಚ್-20’: ಒಂದು ಕಡೆ ತಿದ್ದಿ ಉಳಿದದ್ದನ್ನು ಯಾಕೆ ಹಾಗೇ ಬಿಟ್ಟರು?

ಶಿರಸಿ ಅಕ್ಕೋರು

ಎಲ್ಲರಿಗೂ ನಮಸ್ಕಾರ. ಇಲ್ಲಿ ಫೌಜಿನಲ್ಲಿದ್ದವರು ಯಾರಾದರೂ ಇದ್ದರೆ ಸ್ವಲ್ಪ ಸಹಾಯ ಬೇಕು.

ನಾನು ಶಿರಸಿ ಹತ್ತಿರದ ಹಳ್ಳಿಯಲ್ಲಿ ಪ್ರೈಮರಿ ಶಾಲೆ ಟೀಚರ್. ನಮ್ಮಪ್ಪ ಬೆಳಗಾವಿಯಲ್ಲಿ ಭರ್ತಿಯಾಗಿ, ಹವಾಲ್ದಾರ್ ಆಗಿ ರಿಟೈರ್ ಆದವರು. ಕಳೆದ ವರ್ಷ ತೀರಿಕೊಂಡರು. ಕಪಾಟು ಖಾಲಿ ಮಾಡುವಾಗ ಮೂರು ನೋಟ್‌ಬುಕ್ ಸಿಕ್ಕವು. ಎಲ್ಲ ತರಬೇತಿ ಸಮಯದ ಟಿಪ್ಪಣಿ. ಅರ್ಧ ಕನ್ನಡ, ಅರ್ಧ ಹಿಂದಿ, ಮಧ್ಯದಲ್ಲಿ ಇಂಗ್ಲಿಷ್ ಅಕ್ಷರಗಳು. ಮಕ್ಕಳಿಗೂ ಮೊಮ್ಮಕ್ಕಳಿಗೂ ಇರಲಿ ಅಂತ ಟೈಪ್ ಮಾಡುತ್ತಿದ್ದೇನೆ. ಒಂದು ಪುಟದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಅದು ಹೀಗಿದೆ:

ಡಿ-1, 1600: ಅಸೆಂಬ್ಲಿ ಏರಿಯಾ
ಎಚ್-150: ಚಾ
ಎಚ್-120: ಹೊರಡುವುದು
ಎಚ್-20: ಎಫ್‌ಯುಪಿ
ಎಚ್-10: ತೋಪು ಶುರು
ಎಚ್: ಎಸ್‌ಎಲ್
ಎಚ್+25: ಹಸಿರು 2

ಅದರ ಕೆಳಗೆ ದಪ್ಪಕ್ಷರದಲ್ಲಿ ‘ಎಚ್ = 0430’ ಅಂತ ಬರೆದು, ಅದಕ್ಕೆ ಗೀಟು ಹಾಕಿ ‘0500’ ಮಾಡಿದ್ದಾರೆ. ಪಕ್ಕದಲ್ಲಿ ‘ಘಡಿ ಮಿಲಾವ್. ನನ್ನದು 2 ನಿ. ಹಿಂದೆ’ ಅಂತಿದೆ.

ನನ್ನ ಪ್ರಶ್ನೆಗಳು. ಡಿ ಅಂದರೇನು, ಎಚ್ ಅಂದರೇನು? ಅಪ್ಪ ಸಮಯವನ್ನು 0430ರಿಂದ 0500ಕ್ಕೆ ತಿದ್ದಿದ್ದಾರೆ. ಆದರೆ ಮೇಲಿನ ಒಂದೇ ಒಂದು ಸಾಲನ್ನೂ ತಿದ್ದಿಲ್ಲ. ಮರೆತುಬಿಟ್ಟರಾ? ನಮ್ಮಪ್ಪ ಕಿರಾಣಿ ಚೀಟಿಯಲ್ಲೂ ಕಾಗುಣಿತ ತಿದ್ದುವ ಜನ, ಹಾಗೆಲ್ಲ ಬಿಡುವವರಲ್ಲ. ‘ಹಸಿರು 2’ ಅಂದರೇನು? ಮೆಣಸಿನಕಾಯಿ ಇರಲಿಕ್ಕಿಲ್ಲ ಅಂದುಕೊಂಡಿದ್ದೇನೆ.

ಇನ್ನೊಂದು. ನನ್ನ ಸಹೋದ್ಯೋಗಿಯೊಬ್ಬರು ಎಚ್ ಅಂದರೆ ಇಂಗ್ಲಿಷಿನ ಝೀರೋ ಅವರ್, ಅದನ್ನು ‘ಶೂನ್ಯವೇಳೆ’ ಅಂತ ಬರೆಯಿರಿ ಅಂದರು. ಬರೆದೆ. ಓದಿ ನೋಡಿದರೆ ಅಪ್ಪ ವಿಧಾನಸಭೆಗೆ ಹೊರಟ ಹಾಗೆ ಕಾಣುತ್ತದೆ. ಏನು ಮಾಡಲಿ?

ಅಂಕೋಲೆ ಹುಡುಗ

ಅಕ್ಕೋರೆ, ಡಿ ಅಂದರೆ ಡೂಮ್ಸ್‌ಡೇ. ಪ್ರಳಯದ ದಿನ. ವಿಡಿಯೋ ಒಂದರಲ್ಲಿ ನೋಡಿದ್ದೆ. ಎಚ್ ಗೊತ್ತಿಲ್ಲ, ಹೆಲ್ ಇರಬಹುದಾ?

ಕಡವಾಡ ಗಿರಣಿ

ಅಕ್ಕೋರೆ, ನಮಸ್ಕಾರ. ನಾನು ಕಾರವಾರ ತಾಲೂಕಿನ ಕಡವಾಡದವನು. ಪದಾತಿ ದಳದಲ್ಲಿ 24 ವರ್ಷ ಇದ್ದು ಸುಬೇದಾರ್ ಆಗಿ ಬಂದೆ. ಈಗ ಹಿಟ್ಟಿನ ಗಿರಣಿ ಇಟ್ಟಿದ್ದೇನೆ. ನಿಮ್ಮ ಅಪ್ಪನ ಆ ಪುಟ ಓದಿ ಗಿರಣಿ ಬಂದ್ ಮಾಡಿ ಕೂತಿದ್ದೇನೆ. ಬೀಸಲು ಕೊಟ್ಟವರು ಕಾಯಲಿ.

ಮೊದಲು ಒಂದು ಮಾತು. ನಿಮ್ಮಪ್ಪ ಏನೂ ಮರೆತಿಲ್ಲ. ಹಾಗೆ ಬರೆಯುವುದೇ ಸರಿ.

ಡಿ ಅಂದರೆ ದಿನ. ಡೇ ಅನ್ನುವುದರ ಮೊದಲ ಅಕ್ಷರ. ಎಚ್ ಅಂದರೆ ತಾಸು, ಅವರ್ ಅನ್ನುವುದರ ಮೊದಲ ಅಕ್ಷರ. ಅಷ್ಟೇ. ಪ್ರಳಯವೂ ಇಲ್ಲ, ನರಕವೂ ಇಲ್ಲ, ತಮ್ಮಾ. ದಾಳಿ ಯಾವ ದಿನ ಅಂತ ಇನ್ನೂ ಗೊತ್ತಿಲ್ಲ, ಅಥವಾ ಗೊತ್ತಿದ್ದರೂ ಎಲ್ಲರಿಗೂ ಹೇಳುವ ಹಾಗಿಲ್ಲ. ಆದರೆ ತಯಾರಿ ಈಗಲೇ ಶುರುವಾಗಬೇಕು. ಹಾಗಾಗಿ ದಿನಕ್ಕೆ ಡಿ ಅಂತ, ಹೊತ್ತಿಗೆ ಎಚ್ ಅಂತ ಇಟ್ಟುಕೊಂಡು ಉಳಿದದ್ದನ್ನೆಲ್ಲ ಅದರಿಂದ ಹಿಂದೆ ಮುಂದೆ ಎಣಿಸಿ ಬರೆಯುವುದು. ಡಿ-1 ಅಂದರೆ ಹಿಂದಿನ ದಿನ. ಎಚ್-20 ಅಂದರೆ ಇಪ್ಪತ್ತು ನಿಮಿಷ ಮೊದಲು. ಎಚ್+25 ಅಂದರೆ ಶುರುವಾಗಿ ಇಪ್ಪತ್ತೈದು ನಿಮಿಷ ಆದಮೇಲೆ.

ಈಗ ನಿಮ್ಮ ಪ್ರಶ್ನೆಗೆ ಬನ್ನಿ. ದೊಡ್ಡವರು ದಾಳಿಯನ್ನು ಅರ್ಧ ತಾಸು ಮುಂದೆ ಹಾಕಿದರು ಅಂತ ಇಟ್ಟುಕೊಳ್ಳಿ. ಗಡಿಯಾರದ ಸಮಯ ಹಾಕಿ ಬರೆದಿದ್ದರೆ ಎಚ್ ಇರುವ ಆರು ಸಾಲಿಗೂ ಪೆನ್ಸಿಲ್ ಹಿಡಿಯಬೇಕಿತ್ತು. ಅದೂ ಕತ್ತಲಲ್ಲಿ, ಚಳಿಯಲ್ಲಿ, ಪ್ರತಿ ಪ್ಲಟೂನಿನಲ್ಲೂ. ಒಬ್ಬ ಒಂದು ಸಾಲು ಬಿಟ್ಟ ಅಂದರೆ ಮುಗಿಯಿತು. ತೋಪಿನವರು, ಅಂದರೆ ಫಿರಂಗಿಯವರು, ಹೊಸ ಸಮಯಕ್ಕೆ ಹೊಡೆಯುತ್ತಾರೆ, ಇವನು ಹಳೆ ಸಮಯಕ್ಕೆ ಎದ್ದು ನಡೆಯುತ್ತಾನೆ. ನಮ್ಮ ಗುಂಡಿಗೆ ನಮ್ಮವನೇ. ಎಚ್ ಹಾಕಿ ಬರೆದರೆ ಬದಲಾಗುವುದು ಒಂದೇ ಸಂಖ್ಯೆ. ‘ಎಚ್ ಈಗ 0500’ ಅಂತ ಒಂದು ಮಾತು ಬಂದರೆ ಸಾಕು. ಚಹಾದಿಂದ ಹಿಡಿದು ಹಸಿರು 2ರ ತನಕ ಎಲ್ಲ ತಾನಾಗಿಯೇ ಅರ್ಧ ತಾಸು ಸರಿಯುತ್ತದೆ. ಅದಕ್ಕೇ ಅವರು ಒಂದೇ ಕಡೆ ತಿದ್ದಿದ್ದು.

ಉಳಿದ ಪದಗಳು. ಅಸೆಂಬ್ಲಿ ಏರಿಯಾ ಹಿಂದಿನ ಜಾಗ. ಶತ್ರುವಿನ ಕಣ್ಣಿಗೆ ಬೀಳದಷ್ಟು ದೂರ. ಅಲ್ಲಿ ಊಟ, ಸ್ವಲ್ಪ ನಿದ್ದೆ, ಗುಂಡು ಹಂಚುವುದು, ಕೊನೆಯ ಆರ್ಡರ್. ಎಫ್‌ಯುಪಿ ಅಂದರೆ ಫಾರ್ಮಿಂಗ್ ಅಪ್ ಪ್ಲೇಸ್. ಇದೇ ಮುಖ್ಯ. ಅಲ್ಲಿಯವರೆಗೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಬಂದಿರುತ್ತೇವೆ. ಅಲ್ಲಿ ಸದ್ದಿಲ್ಲದೆ ಅಡ್ಡಕ್ಕೆ ಹರಡಿಕೊಂಡು, ಯಾರ ಎಡಕ್ಕೆ ಯಾರು, ಯಾವ ದಿಕ್ಕಿಗೆ ಮುಖ ಅಂತ ನೋಡಿಕೊಳ್ಳುವುದು. ಅಲ್ಲಿ ಜಾಸ್ತಿ ಹೊತ್ತು ಇರಬಾರದು. ಶತ್ರುವಿಗೆ ಸುಳಿವು ಸಿಕ್ಕಿದರೆ ಅವನ ತೋಪು ಮೊದಲು ಹುಡುಕುವುದೇ ಅಂಥ ಜಾಗವನ್ನು. ನಿಮ್ಮಪ್ಪನ ಪುಟದಲ್ಲಿ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ರಾತ್ರಿ ಕೆಲಸ, ಹೊಸ ಹುಡುಗರು ಇದ್ದಿರಬೇಕು. ನನಗೆ ಅದು ಸ್ವಲ್ಪ ಜಾಸ್ತಿಯೇ ಅನಿಸಿತು, ಆದರೆ ನಾನು ಅಲ್ಲಿರಲಿಲ್ಲವಲ್ಲ.

ಎಸ್‌ಎಲ್ ಅಂದರೆ ಸ್ಟಾರ್ಟ್ ಲೈನ್. ನೆಲದ ಮೇಲಿನ ಒಂದು ಗೆರೆ. ಹಳ್ಳ ಇರಬಹುದು, ಗದ್ದೆಯ ಬದು ಇರಬಹುದು. ಏನೂ ಸಿಗದಿದ್ದರೆ ಮೊದಲೇ ಒಂದು ತಂಡ ಹೋಗಿ ಬಿಳಿ ಪಟ್ಟಿ ಹಾಸಿ ಬರುತ್ತದೆ, ಕತ್ತಲಲ್ಲಿ ಕಾಣಲಿ ಅಂತ. ಪದಾತಿಗೆ ಎಚ್ ಅವರ್ ಅಂದರೆ ಮುಂದಿನ ಸಾಲಿನವರು ಆ ಗೆರೆ ದಾಟುವ ಹೊತ್ತು. ಮೊದಲ ಗುಂಡು ಹಾರುವ ಹೊತ್ತಲ್ಲ, ನೆನಪಿಡಿ. ಬಹಳ ಜನ ಇಲ್ಲೇ ಎಡವುತ್ತಾರೆ. ನಿಮ್ಮಪ್ಪನ ಪುಟದಲ್ಲೇ ನೋಡಿ, ತೋಪು ಎಚ್‌ಗಿಂತ ಹತ್ತು ನಿಮಿಷ ಮೊದಲೇ ಶುರು. ತೋಪೇ ಇಲ್ಲದೆ ಸುಮ್ನೆ ಕತ್ತಲಲ್ಲಿ ಹತ್ತಿರ ಹೋಗಿ ಬೀಳುವುದೂ ಉಂಟು. ಅದಕ್ಕೆ ಸೈಲೆಂಟ್ ಅಟ್ಯಾಕ್ ಅನ್ನುತ್ತೇವೆ.

ಹಸಿರು 2 ಮೆಣಸಿನಕಾಯಿ ಅಲ್ಲ, ನಕ್ಕು ನಕ್ಕು ಸಾಕಾಯಿತು. ಪಿಸ್ತೂಲಿನಿಂದ ಆಕಾಶಕ್ಕೆ ಹಾರಿಸುವ ಬಣ್ಣದ ಬೆಳಕು, ವೆರಿ ಲೈಟ್ ಅಂತ. ಹಸಿರು ಎರಡು ಹಾರಿದರೆ ‘ಜಾಗ ನಮ್ಮದಾಯಿತು’ ಅಂತ ಆ ದಿನ ಗೊತ್ತು ಮಾಡಿಕೊಂಡಿರುತ್ತಾರೆ. ಇನ್ನೊಂದು ದಿನ ಅದೇ ಹಸಿರಿಗೆ ಬೇರೆ ಅರ್ಥ ಇರಬಹುದು. ರೇಡಿಯೋ ಇದ್ದರೆ ಬಣ್ಣದ ಬದಲು ಒಂದು ಮಾತು. ಕಾರ್ಗಿಲ್‌ನಲ್ಲಿ ಕ್ಯಾಪ್ಟನ್ ವಿಕ್ರಮ್ ಬಾತ್ರಾ ಪಾಯಿಂಟ್ 5140 ಹಿಡಿದು ‘ಯೇ ದಿಲ್ ಮಾಂಗೇ ಮೋರ್’ ಅಂದದ್ದು ಎಲ್ಲರಿಗೂ ಗೊತ್ತು. ಅದು ಉತ್ಸಾಹಕ್ಕೆ ಕೂಗಿದ್ದು ಅಂತ ಜನ ತಿಳಿದಿದ್ದಾರೆ. ಅದು ಅವರ ಗೆಲುವಿನ ಸಂಕೇತ. ಮೊದಲೇ ಗೊತ್ತು ಮಾಡಿಕೊಂಡಿದ್ದ ಮಾತು.

ಯಲ್ಲಾಪುರ ಮಾಸ್ತರು

ಸುಬೇದಾರ್ ಸಾಹೇಬರು ಹೇಳಿದ್ದು ಸರಿ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದವನು, ಹಾಗಾಗಿ ಸ್ವಲ್ಪ ಬಾಲ ಸೇರಿಸುತ್ತೇನೆ.

ಅಂಕೋಲೆ ತಮ್ಮನ ಡೂಮ್ಸ್‌ಡೇ ಕಥೆ ಹೊಸದಲ್ಲ. ಕೆಲವರು ಡಿಸಿಷನ್ ಅನ್ನುತ್ತಾರೆ, ಕೆಲವರು ಡೆಲಿವರೆನ್ಸ್ ಅನ್ನುತ್ತಾರೆ. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ದಂಡೆಗೆ ಇಳಿದ ದೊಡ್ಡ ದಾಳಿಯ ದಂಡನಾಯಕ, ಸ್ವತಃ ಐಸೆನ್‌ಹೋವರ್‌ಗೆ ಯಾರೋ 1964ರಲ್ಲಿ ಪತ್ರ ಬರೆದು ಕೇಳಿದಾಗ ಅವರ ಸಹಾಯಕ ಅಧಿಕಾರಿ ಅದು ‘ಡಿಪಾರ್ಟೆಡ್ ಡೇಟ್’, ಹಡಗಿನಿಂದ ನೆಲಕ್ಕಿಳಿಯುವ ದಾಳಿಗೆ ಹೊರಡುವ ದಿನ, ಅಂತ ಉತ್ತರ ಕೊಟ್ಟರು. ಹಾಗಾಗಿ ದೊಡ್ಡವರ ಬಾಯಿಂದಲೇ ಬಂದದ್ದು ಅಂತ ಅದೂ ಓಡಾಡುತ್ತಿದೆ. ಆದರೆ ಈ ಪದ ನಾರ್ಮಂಡಿಗಿಂತ 26 ವರ್ಷ ಹಳೆಯದು. ಅಮೆರಿಕದ ಸೈನ್ಯ 1918ರ ಸೆಪ್ಟೆಂಬರ್ 7ರಂದು ಫ್ರಾನ್ಸಿನಲ್ಲಿ ಹೊರಡಿಸಿದ ಒಂದು ಆದೇಶದಲ್ಲಿ, ಡಿ ದಿನ ಎಚ್ ಗಂಟೆಗೆ ಫಸ್ಟ್ ಆರ್ಮಿ ಸಾಂ ಮಿಯೆಲ್ ಮೇಲೆ ದಾಳಿ ಮಾಡುತ್ತದೆ ಅಂತಿದೆ. ದಾಳಿ ನಡೆದದ್ದು ಸೆಪ್ಟೆಂಬರ್ 12ರಂದು. ನೆಲದ ಮೇಲಿನ ದಾಳಿ ಅದು, ಹಡಗಿನಿಂದ ಹೊರಡುವ ಮಾತೇ ಇಲ್ಲ. ಫ್ರೆಂಚರು ಇದನ್ನೇ ಅವರ ಭಾಷೆಯಲ್ಲಿ ‘ಜೂರ್ ಜೆ’ ಅನ್ನುತ್ತಾರೆ. ಜೂರ್ ಅಂದರೆ ದಿನ, ಅದರ ಮೊದಲ ಅಕ್ಷರ ಜೆ. ಡಿ ಅಂದರೆ ಡೂಮ್ ಆಗಿದ್ದರೆ ಅವರು ಜೆ ಯಾಕೆ ಹಾಕುತ್ತಿದ್ದರು, ಅಲ್ವಾ ತಮ್ಮಾ?

1944ರ ನಂತರ ಡಿ-ಡೇ ಅಂದರೆ ಜೂನ್ 6 ಒಂದೇ ಅಂತಾಗಿಬಿಟ್ಟಿತು. ಅಮೆರಿಕದವರಿಗೇ ಅದು ತೊಡಕಾಯಿತು. ಅದೇ ವರ್ಷ ಅಕ್ಟೋಬರ್ 20ರಂದು ಫಿಲಿಪೈನ್ಸಿನ ಲೇಟೆ ದ್ವೀಪಕ್ಕೆ ಇಳಿದಾಗ ಎ-ಡೇ ಅಂದರು. 1945ರ ಏಪ್ರಿಲ್ 1ರಂದು ಓಕಿನಾವಾಕ್ಕೆ ಇಳಿದಾಗ ಎಲ್-ಡೇ ಅಂದರು. ಈಗ ನಮ್ಮ ಪೇಪರಿನವರು ಚುನಾವಣೆ ಫಲಿತಾಂಶಕ್ಕೂ ಡಿ-ಡೇ ಅನ್ನುತ್ತಾರೆ. ಅದಿರಲಿ.

ಝೀರೋ ಅವರ್ ಅನ್ನುವುದು ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಬಳಸಿದ ಪದ. ಅರ್ಥ ಎಚ್ ಅವರ್‌ನದೇ. ಅದರ ಬಗ್ಗೆ ನಾನು ಮಕ್ಕಳಿಗೆ ಯಾವಾಗಲೂ ಒಂದು ಕಥೆ ಹೇಳುತ್ತಿದ್ದೆ. 1916ರ ಜುಲೈ 1, ಫ್ರಾನ್ಸಿನ ಸೊಮ್ ನದಿಯ ಕಡೆ. ಝೀರೋ ಬೆಳಿಗ್ಗೆ 7:30. ಜರ್ಮನರ ಕಂದಕಗಳ ಅಡಿಗೆ ಸುರಂಗ ಕೊರೆದು ಸ್ಫೋಟಕ ತುಂಬಿಟ್ಟಿದ್ದರು. ಹೆಚ್ಚಿನವು ಝೀರೋಗೆ ಎರಡು ನಿಮಿಷ ಮೊದಲು ಸಿಡಿದವು. ಹಾಥಾರ್ನ್ ಅನ್ನುವ ದಿಬ್ಬದ ಅಡಿಯ ಒಂದನ್ನು ಮಾತ್ರ 7:20ಕ್ಕೇ ಸಿಡಿಸಿದರು. ಹತ್ತು ನಿಮಿಷ ಮೊದಲು. ಆ ಭಾಗದಲ್ಲಿ ದೊಡ್ಡ ತೋಪುಗಳನ್ನೂ ಆಗಲೇ ಹಿಂದಿನ ಸಾಲುಗಳ ಕಡೆ ತಿರುಗಿಸಿದರು. ಜರ್ಮನರಿಗೆ ಇನ್ನೇನು ಬೇಕು? ಆಳದ ಬಿಲಗಳಿಂದ ಮೇಲೆ ಬಂದು ಮಷೀನ್‌ಗನ್ ಹೂಡಿ ಕೂತರು. 7:30ಕ್ಕೆ ಬ್ರಿಟಿಷರು ಎದ್ದು ನಡೆದರು. ಆ ಒಂದು ದಿನ ಬ್ರಿಟಿಷರ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 57,470. ಎಲ್ಲವೂ ಆ ಹತ್ತು ನಿಮಿಷದಿಂದ ಅಂತಲ್ಲ. ಆದರೆ ಆ ದಿಬ್ಬದ ಎದುರಿದ್ದವರಿಗೆ ಆ ಹತ್ತು ನಿಮಿಷ ಏನಾಗಿತ್ತು ಅಂತ ಊಹಿಸಿ.

ಶೂನ್ಯವೇಳೆ ಬೇಡ ಅಕ್ಕೋರೆ. ಅದು ಶಾಸಕರಿಗೇ ಇರಲಿ. ‘ಮುಹೂರ್ತ’ ಅಂದರೆ ಹೇಗೆ? ನಮ್ಮ ಕಡೆ ಮದುವೆ ಅಡಿಗೆಯವರು ಎಲ್ಲವನ್ನೂ ಮುಹೂರ್ತದಿಂದಲೇ ಹಿಂದಕ್ಕೆ ಎಣಿಸುತ್ತಾರೆ. ಮುಹೂರ್ತಕ್ಕೆ ಆರು ತಾಸು ಮೊದಲು ಒಲೆ, ನಾಲ್ಕು ತಾಸು ಮೊದಲು ಕಾಯಿ ತುರಿಯುವುದು, ಹೀಗೆ.

ಕಡವಾಡ ಗಿರಣಿ

ಮಾಸ್ತರೇ, ಮುಹೂರ್ತ ಕೇಳಲು ಚೆನ್ನಾಗಿದೆ. ಆದರೆ ಎರಡು ತಕರಾರು. ಮುಹೂರ್ತವನ್ನು ಕರೆಯೋಲೆಯಲ್ಲಿ ಅಚ್ಚು ಹಾಕಿ ಊರಿಗೆಲ್ಲ ಹಂಚುತ್ತೇವೆ. ಎಚ್ ಅವರ್‌ನ ಸಂಖ್ಯೆ ಕೊನೆ ಗಳಿಗೆಯ ತನಕ ಕೆಲವರ ಹತ್ತಿರ ಮಾತ್ರ ಇರುತ್ತದೆ. ಜವಾನರಿಗೆ ಆರ್ಡರ್ ಓದುವಾಗ ಎಚ್ ಅಂತಲೇ ಓದಿ, ಸಂಖ್ಯೆ ಆಮೇಲೆ ಬರುವುದೂ ಉಂಟು. ಎರಡನೆಯದು, ಮುಹೂರ್ತ ಮುಂದೆ ಹಾಕಿ ಅಂದರೆ ಭಟ್ಟರು ಒಪ್ಪುತ್ತಾರಾ? ಎಚ್ ಸರಿಸಲಿಕ್ಕೆಂದೇ ಹುಟ್ಟಿದ್ದು.

ಬಿಣಗಾ ದೋಣಿ

ಹಿರಿಯರ ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾವು ಬಿಣಗಾದವರು, ಮೀನುಗಾರರು. ಎಚ್ ಅವರ್ ಅಂದಾಗ ನನಗೆ ನೆನಪಾಗುವುದು ನಮ್ಮೆದುರಿನ ಅಂಜುದೀವ್ ದ್ವೀಪ.

ಈಗ ಅದು ಸೀಬರ್ಡ್ ನೌಕಾನೆಲೆಯೊಳಗೆ ಸೇರಿದೆ. ಅಲೆ ತಡೆಯುವ ಕಲ್ಲಿನ ಗೋಡೆ ಹಾಕಿ ನೆಲಕ್ಕೆ ಜೋಡಿಸಿದ್ದಾರೆ. ಮೊದಲು ಪೋರ್ಚುಗೀಸರ ಕೈಯಲ್ಲಿತ್ತು. 1961ರ ನವೆಂಬರ್‌ನಲ್ಲಿ ಅಲ್ಲಿಂದ ಸಾಬರಮತಿ ಅನ್ನುವ ಹಡಗಿನ ಮೇಲೆ ಗುಂಡು ಹಾರಿತು. ಡಿಸೆಂಬರ್ 18ರ ಬೆಳಿಗ್ಗೆ ನಮ್ಮ ನೌಕಾಪಡೆ ಇಳಿಯಿತು. ತ್ರಿಶೂಲ್ ಹಡಗಿನಿಂದ ನಾವಿಕರು ಬೋಟುಗಳಲ್ಲಿ ಹೋದರು, ಮೈಸೂರ್ ಅನ್ನುವ ದೊಡ್ಡ ಯುದ್ಧನೌಕೆ ಜೊತೆಗಿತ್ತು. ಅದೇ ದಿನ ಗೋವಾದೊಳಗೆ ಭೂಸೇನೆಯೂ ನುಗ್ಗಿತ್ತು. ಮೊದಲ ಬೋಟುಗಳ ತಂಡ ತೊಂದರೆ ಇಲ್ಲದೆ ಇಳಿಯಿತು. ಎರಡನೆಯ ತಂಡದ ಮೇಲೆ ದ್ವೀಪದಿಂದ ಗುಂಡಿನ ಮಳೆ. ಏಳು ನಾವಿಕರು ಸತ್ತರು. ನಮ್ಮ ಅಜ್ಜಿ ಆ ದಿನ ದಂಡೆಯಲ್ಲಿ ಮೀನು ಒಣಗಿಸುತ್ತಿದ್ದರಂತೆ. ಸದ್ದು ಕೇಳಿ ಮೀನು ಬಿಟ್ಟು ಓಡಿದೆವು, ಕಾಗೆಗಳಿಗೆ ಹಬ್ಬವಾಯಿತು ಅನ್ನುತ್ತಿದ್ದರು. ಇತಿಹಾಸದ ಬಗ್ಗೆ ಅಜ್ಜಿ ಹೇಳಿದ್ದು ಅಷ್ಟೇ.

ಸಮುದ್ರದಲ್ಲಿ ಸ್ಟಾರ್ಟ್ ಲೈನ್ ಹೇಗೆ ಅಂತ ಅಲ್ಲಿದ್ದ ಒಬ್ಬ ನೌಕಾಪಡೆಯವರನ್ನು ಒಮ್ಮೆ ಕೇಳಿದ್ದೆ. ಹಡಗಿನಿಂದ ಇಳಿಯುವ ದಾಳಿಯಲ್ಲಿ ಎಚ್ ಅವರ್ ಅಂದರೆ ಮೊದಲ ಬೋಟು ಮರಳಿಗೆ ತಾಗುವ ಹೊತ್ತು ಅಂದರು. ಸುಬೇದಾರ್ ಸಾಹೇಬರದ್ದು ಹೊರಡುವ ಹೊತ್ತು, ಇವರದ್ದು ಮುಟ್ಟುವ ಹೊತ್ತು. ನೀರಿನ ಮೇಲೆ ಹೊರಡುವ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ. ಗಾಳಿ, ಸೆಳೆತ ನೋಡಿ ಒಬ್ಬ ಬೇಗ, ಒಬ್ಬ ತಡ. ಒಟ್ಟಿಗೆ ಮುಟ್ಟಬೇಕು ಅಷ್ಟೆ.

ನೀರಿನ ಇನ್ನೊಂದು ತಕರಾರು ಭರತಿ, ಇಳಿತ. ಅದು ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತಾ ಹೋಗುತ್ತದೆ. ಇವತ್ತು ದೋಣಿ ಇಳಿಸಿದ ಹೊತ್ತಿಗೇ ನಾಳೆ ಹೋದರೆ ನೀರು ಅಲ್ಲಿರುವುದಿಲ್ಲ. ನಾರ್ಮಂಡಿಯ ಬಗ್ಗೆ ಮಾಸ್ತರೇ ಹೇಳಬೇಕು.

ಯಲ್ಲಾಪುರ ಮಾಸ್ತರು

ಒಳ್ಳೆ ಕಡೆ ಕೈ ಇಟ್ಟೆ ತಮ್ಮಾ. ನಾರ್ಮಂಡಿಯಲ್ಲಿ ಡಿ ಒಂದೇ, ಎಚ್ ಮಾತ್ರ ಬೇರೆ ಬೇರೆ. ಅಲ್ಲಿನ ದೊಡ್ಡ ಭರತಿಗೂ ಇಳಿತಕ್ಕೂ ಆರು ಮೀಟರ್ ಆಸುಪಾಸು ವ್ಯತ್ಯಾಸ. ನಮ್ಮ ಕಾರವಾರದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಜರ್ಮನರು ದಂಡೆಯಲ್ಲಿ ಕಬ್ಬಿಣ, ಮರದ ಗೂಟಗಳ ಅಡೆತಡೆ ಇಟ್ಟಿದ್ದರು. ತುಂಬಿದ ನೀರಿನಲ್ಲಿ ಅವು ಮುಳುಗಿ ಬೋಟಿನ ಹೊಟ್ಟೆ ಸೀಳುತ್ತವೆ. ಹಾಗಾಗಿ ನೀರು ಇಳಿದು ಮತ್ತೆ ಏರಲು ಶುರುವಾದಾಗ ಇಳಿಯಬೇಕಿತ್ತು. ಅಲ್ಲಿನ ಇಂಗ್ಲಿಷ್ ಕಾಲುವೆಯಲ್ಲಿ ಭರತಿ ಪಶ್ಚಿಮದಿಂದ ಪೂರ್ವಕ್ಕೆ ಬರುತ್ತದೆ. ಆದ್ದರಿಂದ ಪಶ್ಚಿಮದ ಅಮೆರಿಕದ ದಂಡೆಗಳಿಗೆ ಎಚ್ ಬೆಳಿಗ್ಗೆ 6:30. ಪೂರ್ವದ ಬ್ರಿಟಿಷರ ದಂಡೆಗಳಿಗೆ 7:25. ನಡುವೆ ಕೆನಡಾದವರ ಜೂನೋದಲ್ಲಿ ನೀರಡಿಯ ಬಂಡೆಗಳ ಕಾರಣ ಇನ್ನೂ ತಡ. ಪ್ಯಾರಾಚೂಟಿನವರು ಮಧ್ಯರಾತ್ರಿ ಕಳೆಯುತ್ತಲೇ ಇಳಿದಿದ್ದರು.

ಮೊದಲು ಗೊತ್ತು ಮಾಡಿದ ದಿನ ಜೂನ್ 5. ಹವಾಮಾನ ಕೆಟ್ಟಿತು ಅಂತ 24 ಗಂಟೆ ಮುಂದೆ ಹಾಕಿದರು. ಅಷ್ಟು ದೊಡ್ಡ ಸೈನ್ಯದ ಕಾಗದಗಳಲ್ಲಿ ಡಿ-1, ಡಿ+3 ಅಂತಿದ್ದ ಒಂದು ಸಾಲನ್ನೂ ಮುಟ್ಟಬೇಕಾಗಿರಲಿಲ್ಲ. ಅಕ್ಕೋರ ಅಪ್ಪ ಪೆನ್ಸಿಲಿನಲ್ಲಿ ಮಾಡಿದ್ದನ್ನೇ ಐಸೆನ್‌ಹೋವರ್ ಮಾಡಿದ್ದು.

ಅಂಕೋಲೆ ಹುಡುಗ

ಡೂಮ್ಸ್‌ಡೇ ವಾಪಸ್ ತೆಗೆದುಕೊಂಡೆ. ಒಂದು ಡೌಟು. ಇಷ್ಟೆಲ್ಲ ನಿಮಿಷದ ಲೆಕ್ಕ ಯಾಕೆ? ‘ನುಗ್ಗಿ’ ಅಂತ ಒಂದು ಕೂಗು ಹಾಕಿದರೆ ಆಗುವುದಿಲ್ಲವಾ?

ಬಿಣಗಾ ದೋಣಿ

ರಂಪಣಿ ಬಲೆ ಎಳೆದಿದ್ದೀಯಾ ತಮ್ಮಾ? ಅಲ್ಲಿ ಗಡಿಯಾರವೇ ಇಲ್ಲ. ದಂಡೆಯಲ್ಲಿ ನಿಂತವನು ನೀರಿನ ಬಣ್ಣ, ಹಕ್ಕಿ ನೋಡಿ ಮೀನಿನ ಹಿಂಡು ಎಲ್ಲಿದೆ ಅಂತ ಬಟ್ಟೆ ಬೀಸುತ್ತಾನೆ. ದೋಣಿ ಅರ್ಧ ಸುತ್ತು ಬಲೆ ಬಿಡುತ್ತಾ ಬರುತ್ತದೆ. ಆಮೇಲೆ ಎರಡು ತುದಿಗೂ ಜನ ನಿಂತು ಎಳೆಯುವುದು. ಒಂದು ಕಡೆಯವರು ಜೋರು ಮಾಡಿದರೆ ಬಲೆ ಓರೆಯಾಗಿ ಮೀನು ಜಾರುತ್ತದೆ. ಅಲ್ಲಿ ಕೂಗಿನಲ್ಲೇ ನಡೆಯುತ್ತದೆ, ಯಾಕೆಂದರೆ ಎಲ್ಲರೂ ಎಲ್ಲರಿಗೂ ಕಾಣುತ್ತಾರೆ. ಕಾಣದಿದ್ದರೆ?

ಕಡವಾಡ ಗಿರಣಿ

ಅದೇ ಉತ್ತರ. ಕಾಣುವ ಹಾಗಿದ್ದರೆ ಕೂಗಿನ ಮೇಲೆ ಹೊರಡುವುದೂ ಇದೆ. ಆರ್ಡರ್ ಬಂದಾಗ ಹೊರಡು ಅಂತಲೇ ಇರುತ್ತದೆ. ಆದರೆ ತೋಪಿನವನು ಗುಡ್ಡದ ಆಚೆ ಕಿಲೋಮೀಟರುಗಟ್ಟಲೆ ದೂರ. ಅವನಿಗೆ ನನ್ನ ಕೂಗು ಕೇಳುವುದಿಲ್ಲ. ರೇಡಿಯೋ ಇದೆ, ಆದರೆ ಹತ್ತಿರ ಹೋದಮೇಲೆ ಮಾತಾಡುವ ಹಾಗಿಲ್ಲ. ಶತ್ರುವೂ ಕಿವಿ ಕೊಟ್ಟು ಕೂತಿರುತ್ತಾನೆ. ಬ್ಯಾಟರಿಯೂ ಸರಿಯಾದ ಹೊತ್ತಿಗೇ ಕೈಕೊಡುತ್ತದೆ, ಇದು ನನ್ನ ಅನುಭವ. ಆಗ ಇಬ್ಬರಿಗೂ ಉಳಿಯುವುದು ಕೈಗಡಿಯಾರ ಒಂದೇ.

ತೋಪು ಬೀಳುವಾಗ ಶತ್ರು ತಲೆ ತಗ್ಗಿಸಿ ಕೂತಿರುತ್ತಾನೆ. ಅದು ನಿಂತ ಕೂಡಲೇ ತಲೆ ಎತ್ತುತ್ತಾನೆ. ತೋಪು ನಿಲ್ಲುವುದಕ್ಕೂ ನಾವು ಅವನ ಮೋರ್ಚಾಕ್ಕೆ ಮುಟ್ಟುವುದಕ್ಕೂ ನಡುವೆ ಎಷ್ಟು ಕಡಿಮೆ ಹೊತ್ತೋ ಅಷ್ಟು ಕಡಿಮೆ ಜನ ಸಾಯುತ್ತಾರೆ. ಬೇಗ ಹೋದರೆ ನಮ್ಮ ಗೋಲಿ, ತಡವಾದರೆ ಅವನ ಗೋಲಿ. ಮಾಸ್ತರು ಹೇಳಿದ ಹತ್ತು ನಿಮಿಷದ ಕಥೆ ಅದೇ.

ಅದಕ್ಕೇ ಆರ್ಡರ್ ಮುಗಿಸುವಾಗ ‘ಕೋಯೀ ಶಕ್?’, ಏನಾದರೂ ಸಂಶಯ ಇದೆಯಾ, ಅಂತ ಕೇಳಿ, ‘ಘಡಿ ಮಿಲಾವ್’, ಗಡಿಯಾರ ಹೊಂದಿಸಿ, ಅನ್ನುವುದು. ಎಲ್ಲರೂ ಮಣಿಕಟ್ಟು ಮುಂದೆ ಚಾಚಿ, ಕೀಲಿ ಎಳೆದು ಮುಳ್ಳು ನಿಲ್ಲಿಸಿಕೊಂಡು ಕಾಯುವುದು. ‘ಈಗ ಸಮಯ ಇಷ್ಟಾಗಲಿದೆ, ಐದು, ನಾಲ್ಕು, ಮೂರು’ ಅಂತ ಎಣಿಸಿ ಕೊನೆಗೆ ಎಲ್ಲರೂ ಒಟ್ಟಿಗೆ ಕೀಲಿ ಒತ್ತುವುದು. ಗಡಿಯಾರ ನಿಜವಾದ ಸಮಯ ತೋರಿಸಬೇಕೆಂದೇನೂ ಇಲ್ಲ. ಎಲ್ಲರದ್ದೂ ಒಂದೇ ತೋರಿಸಿದರೆ ಸಾಕು. ಎಲ್ಲರೂ ಸೇರಿ ಐದು ನಿಮಿಷ ತಪ್ಪಿದ್ದರೂ ದಾಳಿ ಸರಿಯಾಗಿಯೇ ನಡೆಯುತ್ತದೆ.

ಅಕ್ಕೋರೆ, ನಿಮ್ಮಪ್ಪನದ್ದು ಯಾವ ಗಡಿಯಾರ? ಎರಡು ನಿಮಿಷ ಹಿಂದೆ ಅಂತ ಬರೆದುಕೊಂಡಿದ್ದಾರಲ್ಲ, ನನಗೆ ಅದೇ ಕುತೂಹಲ.

ಶಿರಸಿ ಅಕ್ಕೋರು

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಎರಡು ದಿನ ಬರಲಾಗಲಿಲ್ಲ. ಶಾಲೆಯಲ್ಲಿ ಪರೀಕ್ಷೆ, ಮನೆಯಲ್ಲಿ ಅಡಿಕೆ ಸುಲಿಯುವ ಗಲಾಟೆ.

ಗಡಿಯಾರ ಎಚ್‌ಎಂಟಿ ಜವಾನ್, ಸಾಹೇಬರೇ. ಕೀಲಿ ಕೊಡುವುದು. ಆಯಿ ಇನ್ನೂ ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿ ಇಟ್ಟಿದ್ದಾರೆ. ಈ ಪುಟದ ವಿಷಯ ಓದಿ ಹೇಳಿದೆ. ಆಯಿ ನಕ್ಕುಬಿಟ್ಟರು. ಮದುವೆಯಾದ ಹೊಸದರಲ್ಲಿ ಜಾತ್ರೆಗೆ ಹೊರಡುವಾಗ ಅಪ್ಪ ‘ಎಚ್ ಮೈನಸ್ ಹತ್ತು’ ಅನ್ನುತ್ತಿದ್ದರಂತೆ. ಆಯಿ ಅದನ್ನು ಬೈಗುಳ ಅಂದುಕೊಂಡಿದ್ದರಂತೆ, ಎಷ್ಟೋ ವರ್ಷ.

ಗಡಿಯಾರಕ್ಕೆ ಕೀಲಿ ಕೊಟ್ಟೆ. ನಡೆಯಿತು! ಫೋನಿನ ಪಕ್ಕ ಇಟ್ಟು ಒಂದು ದಿನ ನೋಡಿದೆ. ಈಗ ಹಿಂದೆ ಅಲ್ಲ, ನಾಲ್ಕು ನಿಮಿಷ ಮುಂದೆ ಓಡುತ್ತದೆ.

ಅನುವಾದದ ಬಗ್ಗೆ ನಿರ್ಧಾರ ಮಾಡಿದ್ದೇನೆ. ‘ಎಚ್ ಅವರ್’ ಅಂತಲೇ ಇಡುತ್ತೇನೆ. ಮೊದಲ ಸಲ ಬಂದಲ್ಲಿ ಸುಬೇದಾರ್ ಸಾಹೇಬರ ಮಾತಿನಲ್ಲೇ ವಿವರಣೆ. ಅಪ್ಪ ಬರೆದ ಪದ ನಾನು ಬದಲಿಸುವುದು ಬೇಡ. ಮಾಸ್ತರೇ, ಮುಹೂರ್ತ ತುಂಬಾ ಇಷ್ಟವಾಗಿತ್ತು, ಕ್ಷಮಿಸಿ.

ಇನ್ನೊಂದು ವಿಷಯ. ಪುಟವನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದೆ. ಮೂಲೆಯಲ್ಲಿ, ಮಡಚಿದ ಜಾಗದಲ್ಲಿ, ಸಣ್ಣಕ್ಷರದಲ್ಲಿ ಇನ್ನೊಂದು ಸಾಲಿದೆ. ‘ಎನ್‌ಎಂಬಿ 0200’. ಅದಕ್ಕೂ ಗೀಟು ಹಾಕಿ 0230 ಮಾಡಿದ್ದಾರೆ. ಅಂದರೆ ಅಪ್ಪ ತಿದ್ದಿದ್ದು ಒಂದು ಕಡೆ ಅಲ್ಲ, ಎರಡು ಕಡೆ. ಎಚ್ ಹಾಕಿ ಬರೆದರೆ ಉಳಿದದ್ದು ತಾನಾಗಿ ಸರಿಯುತ್ತದೆ ಅಂದಿರಿ. ಹಾಗಾದರೆ ಇದನ್ನು ಯಾಕೆ ತಿದ್ದಿದರು? ಎನ್‌ಎಂಬಿ ಅಂದರೇನು?

ಕಡವಾಡ ಗಿರಣಿ

ಅಕ್ಕೋರೆ, ನಿಮ್ಮಪ್ಪ ಪಕ್ಕಾ ಮನುಷ್ಯ. ಎನ್‌ಎಂಬಿ ಅಂದರೆ ನೋ ಮೂವ್ ಬಿಫೋರ್. ಇಷ್ಟು ಹೊತ್ತಿಗೆ ಮೊದಲು ಯಾರೂ ಹೊರಡುವುದಿಲ್ಲ ಅಂತ. ದೊಡ್ಡ ಆರ್ಡರ್ ಬರುವ ಮೊದಲೇ ಮುನ್ಸೂಚನೆಯಾಗಿ ಇದನ್ನು ಕೊಡುತ್ತಾರೆ. ಆಗಿನ್ನೂ ಎಚ್ ಎಷ್ಟು ಅಂತ ಯಾರಿಗೂ ಹೇಳಿರುವುದಿಲ್ಲ, ಹಾಗಾಗಿ ಇದನ್ನು ಗಡಿಯಾರದ ಸಮಯದಲ್ಲೇ ಕೊಡಬೇಕು. ಗಡಿಯಾರದ ಸಮಯವಾದ್ದರಿಂದ ಅದು ತಾನಾಗಿ ಸರಿಯುವುದಿಲ್ಲ, ಕೈಯಿಂದಲೇ ತಿದ್ದಬೇಕು. ಲೆಕ್ಕ ಹಾಕಿ ನೋಡಿ. 0500ಕ್ಕೆ 150 ನಿಮಿಷ ಮೊದಲು ಅಂದರೆ 0230. ಅವರ ಚಹಾದ ಹೊತ್ತು.

ಜವಾನರಿಗೆ ಆ ಪುಟದಲ್ಲಿ ಬೇಕಾದ ಸಾಲು ಅದೊಂದೇ. ಅಲ್ಲಿಯವರೆಗೆ ಬೂಟು ಬಿಚ್ಚದೆ ಮಲಗಬಹುದು ಅಂತ ಅದರ ಅರ್ಥ. ಆ ರಾತ್ರಿ ಅವರಿಗೆ ಅರ್ಧ ತಾಸು ನಿದ್ದೆ ಜಾಸ್ತಿ ಸಿಕ್ಕಿದೆ.